ಹಳಿ ದಾರಿಗೆ ಬಿಗಿದ ತಂತಿ

ಶ್ರೀಶೈಲಣ್ಣಾ,

ಜೋಳ ಕೊಯ್ಯುವವರು ಹೊಲಕ್ಕಿಳಿದಿದ್ದಾರೆ, ಬುಟ್ಟಿಯಲ್ಲಿರುವ ರೊಟ್ಟಿ ಮುಟ್ಟಿಸು.

ಕಟ್ಟೆಯ ಮೇಲಿನ ರಕ್ತ ಅಪ್ಪನದು. ನಮ್ಮ ಬದುವಿನ ಪಕ್ಕ, ಹಳಿ ಕಿತ್ತ ಹಳೇ ರೈಲಿನ ಖಡಿಕಲ್ಲಿನ ದಾರಿಯಲ್ಲಿ ಸೈಕಲ್ ಮೇಲೆ ದಿನ್ನೆ ಇಳಿಯುವಾಗ, ಅಡ್ಡ ಬಿಗಿದಿದ್ದ ತಂತಿ ಕುತ್ತಿಗೆ ಕೊಯ್ದಿದೆ. ಇನ್ನೂ ಉಸಿರಿದೆ.

ಕೊಡಲಿ ಹುಡುಕಬೇಡ, ಬಾವಿಗೆ ಹಾಕಿದ್ದೇನೆ. ಇದು ಪಕ್ಕದ ಹೊಲದ ಬಾಳೇಶನ ಕೆಲಸವಲ್ಲ. ನಾನೇ ಹೋಗಿ ನೋಡಿದೆ, ಬಿಚ್ಚಲು ಬರಲಿಲ್ಲ. ತಂತಿಯ ತಿರುವು ಉಲ್ಟಾ ಇದೆ, ತಿರುಚಿದ್ದು ಎಡಗೈ. ಓಣಿಯಲ್ಲಿ ಎಡಚ ನೀನೊಬ್ಬನೇ. "ಬಾಳ್ಯಾ ನಮ್ಮ ಬದುವಿಗುಂಟ ಸೈಕಲ್ ಹೊಡೀತಾನ, ಒಂದಿನ ಕುತ್ತಿಗಿ ಹಾರಸ್ತೇನಿ" ಅಂದವನೂ ನೀನೇ.

ಅಪ್ಪನನ್ನು ಹೊತ್ತು ತಂದವನು ಬಾಳೇಶ. ಅವನ ಜೊತೆಗೇ ಬೈಲಹೊಂಗಲದ ದವಾಖಾನೆಗೆ ಹೊರಟಿದ್ದೇವೆ. ಸಾಲಿ ಬಿಟ್ಟು ಹುಡುಗರು ಆ ದಾರಿಗೆ ಬರುವುದರೊಳಗೆ ತಂತಿ ಬಿಚ್ಚು.

ಅದನ್ನು ನೀನು ಯಾರಿಗೆಂದು ಕಟ್ಟಿದ್ದೆ ಅಂತ ಬಾಳೇಶನಿಗೆ ಇನ್ನೂ ಗೊತ್ತಿಲ್ಲ. ಹೇಳುವ ಬಾಕಿ ನಿನ್ನದು.

ಮೀನಾ