ಮೂರನೇ ಕಿಟಕಿಯ ಕೆಂಪು ಕಲೆ

ಸೆಪ್ಟೆಂಬರ್ 23, ಭಾನುವಾರ

ಮತ್ತೆ ರೈಲಿನ ಕಾರ್‌ಶೆಡ್. ಮದುವೆಯಾಗಿ ಹನ್ನೆರಡು ವಾರ, ಅದರಲ್ಲಿ ಐದು ಭಾನುವಾರ ಈ ಹಳೇ ಲೋಕಲ್ ಡಬ್ಬಿಯ ಪಾಲು. ಲೇಡೀಸ್ ಡಬ್ಬಿ. ನನ್ನ ಗಂಡನ ಉಸ್ತುವಾರಿಯಲ್ಲಿ ದುರಸ್ತಿಯಾಗಿ ಮ್ಯೂಸಿಯಂಗೆ ಹೋಗಲಿದೆ. ಕೆನ್ನೆಗೆ ಗ್ರೀಸ್ ಮೆತ್ತಿದಾಗ ನಚಿಕೇತ್ ಎಷ್ಟು ಚೆಂದ ಕಾಣುತ್ತಾನೆ... ಇದನ್ನು ಯಾರಿಗೂ ಹೇಳುವಂತಿಲ್ಲ, ಅದಕ್ಕೇ ಇಲ್ಲಿ.

ಫಿಟರ್ ತಾವಡೆ ಕಾಕಾ ಅತ್ತಿಗೆ ಎಂದು ಕರೆದೇ ಛೇಡಿಸಿದರು. "ವಹಿನಿ, ಲೋಕದಲ್ಲಿ ಗಂಡಂದಿರು ಸಿನಿಮಾ ತೋರಿಸ್ತಾರೆ. ನಮ್ಮ ಸಾಹೇಬ್ರು ತುಕ್ಕು ತೋರಿಸ್ತಾರೆ."

ಮನೆಗೆ ಬಂದರೆ ಅತ್ತೆಯ, ಅಂದರೆ ನಚಿಕೇತ್‌ನ ಆಯಿಯ, ಪ್ರಶ್ನೆಗಳ ಸುರಿಮಳೆ. ಅವರೂ ಇಂಥದೇ ಡಬ್ಬಿಯಲ್ಲಿ ಓಡಾಡಿದವರು. ಡೊಂಬಿವಲಿಯಿಂದ 8.11ರ ಲೋಕಲ್, ಇಪ್ಪತ್ತೊಂಬತ್ತು ವರ್ಷ, ಟೆಲಿಫೋನ್ ಆಫೀಸಿಗೆ. ಬಟಾಣಿ ಸುಲಿದದ್ದು, ಸ್ವೆಟರ್ ಹೆಣೆದದ್ದು, ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟಿನ ಜಗಳ. ಹೇಳುವಾಗ ಆಯಿಯ ಮುಖಕ್ಕೆ ಮತ್ತೆ ಮೂವತ್ತು ವರ್ಷ.

ಸೆಪ್ಟೆಂಬರ್ 30, ಭಾನುವಾರ

ಇವತ್ತು ನಾನೇ ಹೀರೋಯಿನ್. ಮೂರನೇ ಕಿಟಕಿಯ ಕೆಳಗೆ ಗಟ್ಟಿ ಕೆಂಪು ಕಲೆ. ತುಕ್ಕೆಂದುಕೊಂಡೆ, ಆದರೆ ಜಿಡ್ಡುಜಿಡ್ಡು. ಥಿನ್ನರ್, ಆಮೇಲೆ ಮರಳು ಕಾಗದ. ಒಂದು ಗಂಟೆ. ಬೆಳ್ಳಿಯಂತೆ ಹೊಳೆಯಿತು. ತಾವಡೆ ಕಾಕಾ ಅತ್ತ ತಿರುಗಿದ್ದೇ ತಡ, ನಚಿಕೇತ್ ನನ್ನ ಮೊಣಕೈಗೆ ಮುತ್ತಿಟ್ಟ.

ಅಕ್ಟೋಬರ್ 10, ಬುಧವಾರ

ನವರಾತ್ರಿ ಶುರು. ನಚಿಕೇತ್‌ನ ಸೋದರತ್ತೆ, ಅವನ 'ಆತ್ಯಾ', ಬಂದಿದ್ದರು. ನನಗೆ ಅರಿಶಿನ-ಕುಂಕುಮ, ಹೂವು, ಸೀರೆ. ಖುಷಿಯಲ್ಲಿ ತೇಲುತ್ತಿದ್ದೆ. ಆಮೇಲೆ ನೋಡಿದರೆ ಆಯಿ ಅಡುಗೆಮನೆಯ ಬಾಗಿಲ ಹಿಂದೆ.

"ಆತ್ಯಾ ಬಂದ್ರೆ ಆಯಿ ಹೀಗೇ," ಎಂದ ನಚಿಕೇತ್. "ಬಾಬಾ ಹೋದಾಗಿನಿಂದ."

ಅಪ್ಪ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಆಯಿಗೆ ಮೂವತ್ತೊಂದು. ಮದುವೆಯ ದಿನವೂ ಹೀಗೇ ನಿಂತಿದ್ದರೇ? ನಾನು ನೋಡಲೇ ಇಲ್ಲ.

ಅಕ್ಟೋಬರ್ 14, ಭಾನುವಾರ

ಬೀನ್ಸ್ ನಾರು ತೆಗೆಯುತ್ತಾ ಆಯಿ ತಾವಾಗಿಯೇ ಹೇಳಿದರು.

"ದಸರಾ ಮುನ್ನಾದಿನ ಡಬ್ಬಿಗೆ ಹಾರ ಕಟ್ಟಿ ಪೂಜೆ ಮಾಡ್ತಿದ್ವಿ. ಎಲ್ಲರಿಗೂ ಕುಂಕುಮ. ದಿನಾ ಜೊತೆಗೆ ಬರ್ತಿದ್ದ ನಮ್ಮ ಶಾಲನ್ ನನಗೂ ಹಚ್ಚಿಬಿಡ್ತಿದ್ಲು. ಬೇಡ ಕಣೇ ಅಂದ್ರೆ, 'ಸುಮ್ನಿರೇ, ಎಲ್ಲರದೂ ಇದೇ ರೈಲಿನ ಪಾಸು, ನಿಂದೇನು ಬೇರೆ ಪಾಸಾ?' ಅಂತಿದ್ಲು. ಎಂಟು ಗಂಟೆ ಕಾಲ ಆಫೀಸಲ್ಲಿ ಹಾಗೇ ಇರ್ತಿದ್ದೆ. ವಾಪಸ್ ಬರುವಾಗ ಡೊಂಬಿವಲಿ ಬರೋ ಮೊದಲು ಬೆರಳಲ್ಲಿ ತೆಗೆದು ಕಿಟಕಿ ಕೆಳಗೆ ಒರೆಸ್ತಿದ್ದೆ."

"ಯಾವ ಕಿಟಕಿ ಆಯಿ?"

"ಯಾವ ಡಬ್ಬಿ ಬಂದ್ರೂ ಮೂರನೇದು. ನಿಮ್ಮ ಡಬ್ಬೀಲೂ ಇದ್ದೀತು. ಗುರುವಾರ ಡಬ್ಬಿ ಪೂಜೆಗೆ ಶೆಡ್ಡಿಗೆ ಬಂದಾಗ ತೋರಿಸ್ತೀನಿ."

ಬೀನ್ಸ್ ಬುಟ್ಟಿ ಎತ್ತಿಕೊಂಡು ಎದ್ದುಬಿಟ್ಟೆ.

ಅಕ್ಟೋಬರ್ 18, ಗುರುವಾರ, ದಸರಾ. ಸಂಜೆ 5

ಮೂರು ದಿನ ಬರೆಯಲಾಗಲಿಲ್ಲ. ನಚಿಕೇತ್‌ಗೂ ಹೇಳಲಿಲ್ಲ.

ಡಬ್ಬಿಗೆ ಹೊಸ ಬಣ್ಣ, ಚೆಂಡುಹೂವಿನ ಹಾರ. ಆಯಿ ನೆಟ್ಟಗೆ ಮೂರನೇ ಕಿಟಕಿಗೆ ಹೋದರು. ಕೆಳಗೆ ಬೆರಳಾಡಿಸಿದರು. ಮತ್ತೊಮ್ಮೆ.

"ನಾನೇ ಉಜ್ಜಿಬಿಟ್ಟೆ ಆಯಿ. ತುಕ್ಕು ಅಂದ್ಕೊಂಡೆ."

ಆಯಿ ಬೆರಳ ತುದಿ ನೋಡಿಕೊಂಡರು. ಆಮೇಲೆ, "ಎಷ್ಟಿತ್ತು?"

"ಅಂಗೈ ಅಗಲ. ಉಗುರಿನಷ್ಟು ದಪ್ಪ."

"ಅಷ್ಟೊಂದಾ? ನಾನು ವರ್ಷಕ್ಕೊಂದ್ಸಲ, ಅದೂ ಆವತ್ತು ಬಂದ ಡಬ್ಬೀಲಿ, ಒರೆಸ್ತಿದ್ದದ್ದು." ಸೀಟಿನ ಮೇಲೆ ಕುಳಿತರು. "ಹಾಗಾದ್ರೆ ನಾನೊಬ್ಬಳೇ ಅಲ್ಲ."

ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಪೂಜೆಯ ತಟ್ಟೆ ಪಕ್ಕದಲ್ಲೇ ಇತ್ತು. ಕುಂಕುಮ ತೆಗೆದುಕೊಂಡೆ.

"ಬೇಡ ಕಣೇ, ಹುಚ್ಚಿ."

"ನಿಮ್ದೇನು ಬೇರೆ ಪಾಸಾ?"

ಆಯಿ ಕಣ್ಣು ಮುಚ್ಚಿದರು. ಹಚ್ಚಿದೆ. ಇಳಿಯುವಾಗ ಅವರ ಬೆರಳು ಹಣೆಯವರೆಗೆ ಹೋಯಿತು. ಕಿಟಕಿ ನೋಡಿದರು. "ಹೊಸ ಬಣ್ಣ, ಹಾಳು ಮಾಡೋದ್ಯಾಕೆ," ಎಂದು ಹಾಗೇ ಇಳಿದರು.

ಮನೆಗೆ ಬಂದು ಎರಡು ಗಂಟೆಯಾಯಿತು. ಕುಂಕುಮ ಇನ್ನೂ ಇದೆ. ಬನ್ನಿ ಕೊಡಲು ಆತ್ಯಾ ಬರುವ ಹೊತ್ತು...

ಬೆಲ್ ಆಯಿತು. ಎದ್ದೆ. "ನೀನು ಕೂತ್ಕೋ, ನಾನೇ ತೆಗೀತೀನಿ," ಎನ್ನುತ್ತಿದ್ದಾರೆ ಆಯಿ. ಕನ್ನಡಿ ಮುಂದೆ ನಿಂತರು. ಸೆರಗಿನ ತುದಿ ಹಣೆಯ ಹತ್ತಿರ. ಇಲ್ಲ, ಬಿಟ್ಟರು. ಚಿಲಕಕ್ಕೆ ಕೈ —