ಬೋರಲು ಹಾಕಿದ ದೋಣಿ

೧೪ ಜುಲೈ ೨೦೨೪, ಭಾನುವಾರ, ಟಾಂಪೆರೆ

ತೋಳು ಎತ್ತಲಾಗುತ್ತಿಲ್ಲ, ಆದರೂ ಬರೆದೇ ಮಲಗುತ್ತೇನೆ. ಫಿನ್‌ಲೆಂಡಿಗೆ ಬಂದು ಮೂರು ವರ್ಷವಾದರೂ ಆಸ್ಪತ್ರೆಯ ಗೆಳತಿಯರ ಲೆಕ್ಕದಲ್ಲಿ ನಾನು ಪುಕ್ಕಲಿ. ಇವತ್ತು ಅವರ ಜೊತೆ ದೋಣಿಯಲ್ಲಿ ಹೋದಾಗ ಸರೋವರದ ನಡುವೆ ಗಾಳಿ ಎದ್ದು ಒಂದು ಹುಟ್ಟು ನೀರುಪಾಲಾಯಿತು. ಉಳಿದ ಹುಟ್ಟನ್ನು ಅವರು ಬದಿಯಲ್ಲಿ ಹಾಕಿದಷ್ಟೂ ಗುಂಡನೆಯ ರಬ್ಬರ್ ದೋಣಿ ನಿಂತಲ್ಲೇ ಸುತ್ತಿತು. ನಾನು ಅದನ್ನು ಕಸಿದುಕೊಂಡು ಮುಂದೆ ಮಂಡಿಯೂರಿ, ಕೊಣನೂರಿನ ಹೊಳೆಯಲ್ಲಿ ಅಪ್ಪ ಬಿದಿರಿನ ಗುಂಡು ತೆಪ್ಪ ನಡೆಸುವಂತೆ ನೀರನ್ನು ನನ್ನ ಕಡೆಗೇ ಎಳೆದೆ. ದೋಣಿ ನೆಟ್ಟಗೆ ದಡ ಸೇರಿತು! ಇಳಿದವಳೇ, ಅಪ್ಪ ತೆಪ್ಪವನ್ನು ಒಣಗಲು ಹಾಕುವ ಹಾಗೆ, ದೋಣಿಯನ್ನು ಬೋರಲು ಹಾಕಿದ್ದಕ್ಕೆ ಎಲ್ಲರೂ ನಕ್ಕರು. ನಗಲಿ, ದಡ ಸೇರಿಸಿದವಳು ನಾನು.

ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಹೊಗಳಿಕೆ ಇಲ್ಲ, ಬರೀ ಪ್ರಶ್ನೆ: "ದಡಕ್ಕೆ ಬಂದ್ಮೇಲೆ ಬೋರಲಾಕ್ದೇನವ್ವ?"

"ಆಕ್ದೆ ಕಣಪ್ಪ."

"ಅಂಗಾದ್ರೆ ಕಲ್ತಿದ್ದೀಯ ಬುಡು."