ಹೇಳದೆ ಕಳೆದ ಭಾನುವಾರ

ಜೂನ್ ೮, ಭಾನುವಾರ

ಇವತ್ತೂ ಮಗಳಿಗೆ ಹೇಳಲಾಗಲಿಲ್ಲ. ಗಾಜಿನ ಕಾರ್ಖಾನೆ ಮುಚ್ಚಿತು, ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಬುಧವಾರ ಹೊರಡುತ್ತೇನೆ. ಹೇಳಬೇಕಿದ್ದದ್ದು ಇಷ್ಟೇ.

ವಿಚ್ಛೇದನವಾದ ಮೇಲೆ ಅವಳು ನನಗೆ ಸಿಗುವುದು ಭಾನುವಾರ ಮಾತ್ರ. ಎಂದಿನಂತೆ ಕೆರೆಗೆ ಹೋದೆವು. ಪೆಡಲ್ ದೋಣಿಯನ್ನು ಎರಡು ಸಲ ದಡಕ್ಕೆ ಗುದ್ದಿಸಿ, "ನೀನು ಸರಿಯಾಗಿ ತುಳೀತಿಲ್ಲ ಅಪ್ಪ" ಎಂದು ನನ್ನನ್ನೇ ಗದರಿದಳು. ಐಸ್‌ಕ್ರೀಮ್ ತಿಂದ ಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ, ಬಸ್ಸಿನಲ್ಲಿ ಹೇಳೋಣ ಎಂದುಕೊಂಡೆ.

ಅವಳ ಅಮ್ಮನ ಮನೆಯ ಗೇಟಿನ ಬಳಿ ಕೈ ಬಿಡಿಸಿಕೊಂಡಳು. "ಬುಧವಾರ ಹೋಗ್ತೀಯಂತೆ. ಅಮ್ಮ ಮೊನ್ನೆನೇ ಹೇಳಿದ್ಲು. ನೀನೇ ಹೇಳ್ತೀಯೇನೋ ಅಂತ ಬೆಳಗ್ಗೆಯಿಂದ ಕಾಯ್ತಿದ್ದೆ."

"ತಿಂಗಳಿಗೊಂದ್ಸಲ ಬರ್ತೀನಿ ಪುಟ್ಟಿ" ಎಂದೆ. ತಲೆಯಾಡಿಸಿ, ತಿರುಗಿ ನೋಡದೆ ಒಳಗೆ ಹೋದಳು.

ಈ ಊರಿನ ಹೊಗೆ, ಈ ಬಾಡಿಗೆ ಕೋಣೆ ಸಾಕಪ್ಪಾ ಸಾಕು ಎಂದು ವರ್ಷಗಟ್ಟಲೆ ಹಲುಬಿದವನು ನಾನೇ. ಈಗ ಕಾಲೇ ಏಳುತ್ತಿಲ್ಲ. ಹೋಗದಿದ್ದರೆ ಹೊಟ್ಟೆಗಿಲ್ಲ. ಹೋದರೆ, ಬರುವ ಭಾನುವಾರ ಅವಳು ಬೆಳಗ್ಗೆಯೇ ಎದ್ದು, ತಲೆ ಬಾಚಿಕೊಂಡು, ಸುಮ್ಮನೆ ಕೂತಿರುತ್ತಾಳೆ. ನಾನು ಆ ಊರಲ್ಲಿ, ಇನ್ನೊಂದು ಬಾಡಿಗೆ ಕೋಣೆಯಲ್ಲಿ ಕೂತಿರುತ್ತೇನೆ.